ವಾಷಿಂಗ್ ಮಷೀನಿನ ಸಿ.ಎಲ್.

ಮೊನ್ನೆ ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಕರೆಂಟ್ ಒಲೆಯ ಮೇಲಿಂದ ಎತ್ತಿದ್ದೇ ತಡ, ಒಲೆ ‘ಟುಂಯ್’ ಎಂದು ಕೂಗಿ, ಎದೆಯ ಮೇಲೆ ಕೆಂಪಗೆ ಒಂದು ಇಂಗ್ಲಿಷ್ ಅಕ್ಷರವನ್ನೂ ಪಕ್ಕದಲ್ಲೊಂದು ಸೊನ್ನೆಯನ್ನೂ ತೋರಿಸಿತು. ನಾನು ಪಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಹಿಂದಕ್ಕೆ ಸರಿದು ನಿಂತುಬಿಟ್ಟೆ. ಹಾಲು ಆರಿ ಕೆನೆ ಕಟ್ಟಲಿ, ಆ ಅಕ್ಷರ ತಾನಾಗಿ ಅಳಿಸಿಹೋಗುವವರೆಗೆ ನಾನು ಮುಂದಕ್ಕೆ ಹೆಜ್ಜೆ ಇಡುವವಳಲ್ಲ.

“ಪಾತ್ರಿ ಎಲ್ಲಿ ಹೋತು ಅಂತ ಕೇಳಾಕತ್ತೈತಿ, ಅಷ್ಟ. ಹೆದರಬ್ಯಾಡ,” ಎಂದರು ನಮ್ಮನೆಯವರು, ಪೇಪರಿನಿಂದ ತಲೆ ಎತ್ತದೆ. ಅವರು ಹಾಗೆ ಧೈರ್ಯ ಹೇಳಿದಾಗಲೇ ನನಗೆ ಹೆಚ್ಚು ಹೆದರಿಕೆ. ಯಂತ್ರಗಳ ಅಕ್ಷರ ಓದುವುದರಲ್ಲಿ ಅವರ ಪಾಂಡಿತ್ಯ ಎಂಥದ್ದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ನಾರಾಯಣಪೇಟೆಯಲ್ಲಿ ಯಾರಿದ್ದಾರೆ? ನನ್ನ ಪಾಂಡಿತ್ಯದ ಸುದ್ದಿಗೂ ಬರುತ್ತೇನೆ, ಸ್ವಲ್ಪ ತಡೆಯಿರಿ.

ಹಿಂದಿನ ಯಂತ್ರಗಳು ಹೀಗಿರಲಿಲ್ಲ. ನನ್ನ ತವರು ಮಕ್ತಲ್. ಅಲ್ಲಿ ನಮ್ಮಪ್ಪನ ಹತ್ತಿರ ಒಂದು ರೇಡಿಯೋ ಇತ್ತು. ಅದಕ್ಕೆ ಮೈ ಸರಿ ಇಲ್ಲದಿದ್ದರೆ ಮನುಷ್ಯರ ಹಾಗೆ ಕೆಮ್ಮುತ್ತಿತ್ತು. ಅಪ್ಪ ಎದ್ದು ಹೋಗಿ ಬಲಗೆನ್ನೆಗೆ ಒಂದು ಕೊಟ್ಟರೆ ಸುದ್ದಿ ಬರುತ್ತಿತ್ತು, ಎಡಗೆನ್ನೆಗೆ ಕೊಟ್ಟರೆ ಹಾಡು. ಅವ್ವನ ಹೊಲಿಗೆ ಯಂತ್ರ ಎಣ್ಣೆ ಬೇಕಾದಾಗ ಕಿರ್ರೋ ಎಂದು ಅಳುತ್ತಿತ್ತು. ಬೀಸುವ ಕಲ್ಲು ಸವೆದರೆ ಕಾಳನ್ನು ಹಾಗೇ ಇಡಿಯಾಗಿ ಹೊರಗೆ ಕಳಿಸಿ ‘ನನ್ನ ಕೈಲಾಗುವುದಿಲ್ಲ’ ಎಂದು ತಿಳಿಸುತ್ತಿತ್ತು. ಎಲ್ಲ ನಮ್ಮ ಭಾಷೆಯೇ. ಈಗಿನವಕ್ಕೆ ಭಾರೀ ಬಿಗುಮಾನ. ಎರಡು ಅಕ್ಷರ ತೋರಿಸಿ ಸುಮ್ಮನಾಗಿಬಿಡುತ್ತವೆ. ಸಿಟ್ಟು ಮಾಡಿಕೊಂಡ ನೆಂಟರ ಹಾಗೆ. ಏನಾಯಿತು ಎಂದು ನಾವೇ ಕಂಡುಹಿಡಿಯಬೇಕು.

ಬಟ್ಟೆ ಒಗೆಯುವುದನ್ನೇ ತೆಗೆದುಕೊಳ್ಳಿ. ಬೇಸಿಗೆಯ ರಜೆಯಲ್ಲಿ ನಾವು ಮಕ್ಕಳೆಲ್ಲ ಮಾಗನೂರಿನ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆವು. ಚಿಕ್ಕಮ್ಮ ಊರ ಹೆಂಗಸರ ಜೊತೆ ಗಾಡಿ ಕಟ್ಟಿಸಿಕೊಂಡು, ರಗ್ಗು ಕೌದಿಗಳನ್ನು ಹೇರಿಕೊಂಡು ಕೃಷ್ಣಾ ನದಿಗೆ ಹೊರಟರೆ ನಾವೂ ಗಾಡಿಯ ಹಿಂದೆ ಜೋತುಬೀಳುತ್ತಿದ್ದೆವು. ನೀರಲ್ಲಿ ಕಾಲು ಇಳಿಬಿಟ್ಟರೆ ಮೀನುಮರಿಗಳು ಬೆರಳು ಕಚ್ಚಿ ಕಚಗುಳಿ ಇಡುತ್ತಿದ್ದವು. ಬಂಡೆಯ ಮೇಲೆ ಚಿಕ್ಕಮ್ಮ ಚಿಕ್ಕಪ್ಪನ ಅಂಗಿ ಎತ್ತಿ ಎತ್ತಿ ಬಡಿಯುವಾಗ, ಹಿಂದಿನ ರಾತ್ರಿ ಅವರಿಬ್ಬರಿಗೂ ಜಗಳ ಆಗಿದೆಯೋ ಇಲ್ಲವೋ ಎಂದು ಶಬ್ದದಿಂದಲೇ ಹೇಳಬಹುದಾಗಿತ್ತು. ಬಂಡೆಗೆ ಒಂದೇ ದೋಷ ಗೊತ್ತಿತ್ತು, ಅಂಗಿಯ ಗುಂಡಿ ಒಡೆಯುವುದು. ಅದನ್ನು ತಿಳಿಯಲು ಯಾವ ಅಕ್ಷರವೂ ಬೇಕಿರಲಿಲ್ಲ.

ಹೀಗೆ ಬೆಳೆದ ನನ್ನ ಮನೆಗೆ, ಮಗಳು ಗಿರಿಜಾ ತನ್ನ ಸಂಬಳದಲ್ಲಿ ವಾಷಿಂಗ್ ಮಷೀನ್ ತಂದಿಟ್ಟಳು. ಮುಂದುಗಡೆ ದುಂಡನೆಯ ಗಾಜಿನ ಬಾಗಿಲು, ಮೇಲೆ ಉದ್ದಕ್ಕೂ ಗುಂಡಿಗಳ ಸಾಲು. ಗಿರಿಜಾ ಮಕ್ತಲಿನ ಬ್ಯಾಂಕೊಂದರಲ್ಲಿ ಕೌಂಟರಿನಲ್ಲಿ ಕೂರುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಭಾನುವಾರ ಅವಳೇ ಮಷೀನ್ ಹಚ್ಚುತ್ತಿದ್ದಳು. ನಾನೂ ನಮ್ಮನೆಯವರೂ ಎದುರಿಗೆ ಕುರ್ಚಿ ಹಾಕಿಕೊಂಡು ಬಟ್ಟೆಗಳು ಗಿರಗಿರ ತಿರುಗುವುದನ್ನು ನೋಡುತ್ತಿದ್ದೆವು. ನಾನು ಇದೇ ಊರಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಬೋರ್ಡಿನ ಮೇಲೆ ವಿದ್ಯುತ್ ಮಂಡಲದ ಚಿತ್ರ ಕಣ್ಣು ಮುಚ್ಚಿ ಬರೆಯಬಲ್ಲೆ, ಆದರೆ ಸ್ವಿಚ್ಚು ಒತ್ತಬೇಕಾದರೆ ಕಾಲಿಗೆ ಚಪ್ಪಲಿ ಬೇಕು. ನಮ್ಮನೆಯವರು ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಯಾವ ಸ್ವಿಚ್ಚಿನ ಹೆದರಿಕೆಯೂ ಇಲ್ಲ. ನಮ್ಮ ಮನೆಯ ಕಷ್ಟವೆಲ್ಲ ಅಲ್ಲೇ ಇರುವುದು.

ಗಿರಿಜಾಗೆ ಗದ್ವಾಲದಿಂದ ಸಂಬಂಧ ಬಂದಿತ್ತು. ಹುಡುಗ ಶರಣು ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ, ಮಾತಾಡಿ, ಒಪ್ಪಿಕೊಂಡಾಗಿತ್ತು. ಉಳಿದದ್ದು ಹುಡುಗನ ತಂದೆಯ ಮಾತು ಒಂದೇ. ಅವರು ಬಂದು, ಊಟ ಮಾಡಿ, ಎಲ್ಲರ ಎದುರು ಬಾಯಿಬಿಟ್ಟು ‘ಆಗಲಿ’ ಅನ್ನಬೇಕು, ಸಕ್ಕರೆ ಹಂಚಬೇಕು. ಆಮೇಲೆಯೇ ಸಂಬಂಧ ಕುದುರಿದಂತೆ. ಹುಡುಗನ ತಂದೆ ಮಲ್ಲಣ್ಣ ಸಾಹುಕಾರರು ಗದ್ವಾಲದಲ್ಲಿ ಹತ್ತಿ ಬೀಜದ ವ್ಯಾಪಾರಿಗಳು. ವಡ್ಡೆಪಲ್ಲಿ, ಮಲ್ದಕಲ್ ಕಡೆಯ ರೈತರೆಲ್ಲ ಅವರ ಅಂಗಡಿಗೇ ಬರುತ್ತಾರಂತೆ, ಅವರ ಮಾತು ಅಂದರೆ ಮಾತಂತೆ. ಇದನ್ನು ಕೇಳಿ ನನಗೆ ಆಗಲೇ ಕೈಕಾಲು ತಣ್ಣಗಾಗಿತ್ತು.

ಅವರು ಬರುವ ದಿನವೇ ಗಿರಿಜಾಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಯಾರೋ ಮೇಲಿನವರು ತಪಾಸಣೆಗೆ ಬರುವವರಿದ್ದರು. “ಅವ್ವಾ, ಅರ್ಧ ದಿನಕ್ಕ ಬಿಡ್ತಾರ. ಊಟ ಆಗೂದ್ರಾಗ ಬರ್ತೀನಿ,” ಎಂದು ಹೇಳಿ ಹೋದಳು. ಹೆಣ್ಣೇ ಮನೆಯಲ್ಲಿಲ್ಲದೆ ಬೀಗರಾಗುವವರನ್ನು ಎದುರುಗೊಳ್ಳುವ ನಾಚಿಕೆ ನನ್ನ ಪಾಲಿಗೆ ಬಂತು.

ಸಾಹುಕಾರರು ಬಂದರು. ಎತ್ತರದ ಆಳು, ಅದಕ್ಕೆ ಒಪ್ಪುವ ಹೊಟ್ಟೆ, ಕೊಕ್ಕರೆಯಂಥ ಬಿಳಿ ಜುಬ್ಬಾ, ಧೋತ್ರ. ನಕ್ಕರೆ ಸಾಲಾಗಿ ಹೊಳೆಯುವ ಹಲ್ಲು. ಜೊತೆಗೆ ಹೆಂಡತಿ ನೀಲಮ್ಮನವರು, ಸಣ್ಣ ದನಿಯ ಸಂಭಾವಿತ ಹೆಂಗಸು. ಶರಣುಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದ್ದುದರಿಂದ ಅವನು ಬರಲಿಲ್ಲ. ಸಾಹುಕಾರರು ಮಾತು ಶುರು ಮಾಡಿದರೆ ಇಡೀ ಪಡಸಾಲೆ ತುಂಬುತ್ತಿತ್ತು. ಮಳೆ, ಮಾರುಕಟ್ಟೆ, ಮಾವಿನಹಣ್ಣು, ಎಲ್ಲದರ ಬಗ್ಗೆಯೂ ನಗುನಗುತ್ತ ಹೇಳಿದರು. ನನ್ನ ಕೈಕಾಲಿಗೆ ಸ್ವಲ್ಪ ಬಿಸಿ ಬಂತು.

ಊಟಕ್ಕೆ ಹೋಳಿಗೆ, ಮಾವಿನಹಣ್ಣಿನ ಸೀಕರಣೆ. ಬಡಿಸುವ ಉಪಚಾರ ನಮ್ಮನೆಯವರದು. ಅವರು ಬಡಿಸುವುದೆಂದರೆ ಅದು ಊಟವಲ್ಲ, ಕುಸ್ತಿ. “ಸಾಕ್ರೀ, ಸಾಕು,” ಎಂದು ಸಾಹುಕಾರರು ಎಲೆಯ ಮೇಲೆ ಕೈ ಅಡ್ಡ ಇಟ್ಟರು. “ಏ, ಒಂದ್ ಸೌಟ ಸಾಹುಕಾರ್ರ, ನನ್ ಮಾತಿಗೆ,” ಎಂದು ಇವರು ಕೈಯ ಈಚೆಯಿಂದ ನುಗ್ಗಿದರು. ಅವರು ಈಚೆ ತಡೆದರು. ಇವರು ಆಚೆಯಿಂದ ಬಂದರು. ಸೌಟು ಮೊಣಕೈಗೆ ಬಡಿದು, ಸೀಕರಣೆ ಎಲ್ಲ ಸಾಹುಕಾರರ ಎದೆಯ ಮೇಲೆ ಬಿದ್ದು, ಹೊಟ್ಟೆಯ ಇಳಿಜಾರಿನಲ್ಲಿ ಹರಿದು, ಧೋತ್ರದ ಮಡಿಕೆಯಲ್ಲಿ ಹೋಗಿ ನಿಂತಿತು.

ಆಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹುಕಾರರು ದೊಡ್ಡ ಮನುಷ್ಯರು, “ಇರ್ಲಿ ಬಿಡ್ರಿ,” ಎಂದು ನಗುತ್ತಲೇ ಎದ್ದು ಬಚ್ಚಲಿಗೆ ಹೋದರು. ನಮ್ಮನೆಯವರು ತಮ್ಮ ಲುಂಗಿಯೊಂದನ್ನು ಒಳಗೆ ಕೊಟ್ಟು ಬಾಗಿಲಲ್ಲೇ ನಿಂತರು. ಒಳಗೆ ಏನಾಯಿತೆಂಬುದು ನಮಗೆ ಆಮೇಲೆ ತಿಳಿದದ್ದು, ಆದರೆ ನಿಮ್ಮಿಂದ ಮುಚ್ಚಿಡುವುದೇಕೆ? ಆ ಹೊಳೆಯುವ ಹಲ್ಲುಗಳು ಕಟ್ಟಿಸಿದ ಹಲ್ಲುಗಳು, ಮೇಲಿನ ಸಾಲು, ಕೆಳಗಿನ ಸಾಲು ಎರಡೂ. ಅವುಗಳ ಸಂದಿಯಲ್ಲಿ ಮಾವಿನ ನಾರು ಸಿಕ್ಕಿಕೊಂಡಿತ್ತು. ಹೇಗೂ ಒಬ್ಬರೇ ಇದ್ದಾರಲ್ಲ, ಅವನ್ನೂ ತೊಳೆದುಕೊಳ್ಳೋಣ ಎಂದು ತೆಗೆದು, ಮೊದಲು ಮುಖ ತೊಳೆಯಲು ಹೋಗಿ, ಹಲ್ಲುಗಳನ್ನು ಕರವಸ್ತ್ರದಲ್ಲಿ ಸುತ್ತಿ, ಗೂಟಕ್ಕೆ ತೂಗುಹಾಕಿದ್ದ ಜುಬ್ಬಾದ ಕಿಸೆಯಲ್ಲಿ ಇಟ್ಟಿದ್ದಾರೆ.

ಅಷ್ಟರಲ್ಲಿ ನಮ್ಮನೆಯವರು ಬಾಗಿಲ ಸಂದಿಯಿಂದ ಕೈ ಹಾಕಿ ಜುಬ್ಬಾ, ಧೋತ್ರ ಎರಡನ್ನೂ ಎಳೆದುಕೊಂಡರು. “ಮಷೀನಿಗೆ ಹಾಕ್ತೀನ್ರಿ, ಕೊಕ್ಕರಿ ಆಗಿ ಬರ್ತಾವ!”

ಒಳಗಿನಿಂದ “ಊಹೂಂ! ಊಹೂಂ!” ಎಂದು ಬಂತು.

“ಹೂಂ ಅನ್ನಾಕತ್ತಾರ,” ಎಂದು ಇವರು ಸಂತೋಷದಿಂದ ಹಿತ್ತಲಿಗೆ ಓಡಿದರು.

ನಾನು ಹಿಂದೆಯೇ ಹೋಗುವಷ್ಟರಲ್ಲಿ ಬಟ್ಟೆ ಒಳಗೆ ಹೋಗಿ ಬಾಗಿಲು ಮುಚ್ಚಿತ್ತು. “ಯಾವ ಗುಂಡಿ ಒತ್ತಿದ್ರಿ?” ಎಂದೆ. “ಕಾಟನ್ ಅಂತ ಬರದಿತ್ತು. ಸಾಹುಕಾರ್ರದು ಹತ್ತಿ ವ್ಯಾಪಾರ ಅಲ್ಲೇನು? ಅದನ್ನ ಒತ್ತೀನಿ,” ಎಂದರು. ಎಲ್ಲಕ್ಕಿಂತ ಹೆಚ್ಚು ಹೊತ್ತು ತಿರುಗುವುದು ಅದೇ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಬೇಗ ಮುಗಿಯಲಿ ಎಂದು ಇವರು ಇನ್ನೂ ಕೆಲವು ಗುಂಡಿಗಳನ್ನು ಒತ್ತಿದರು. ಒಂದನ್ನಂತೂ ಗಂಟೆ ಬಾರಿಸುವವರ ಹಾಗೆ ಒತ್ತಿಯೇ ಹಿಡಿದರು. ಮಷೀನ್ ‘ಟಿಣ್’ ಎಂದಿತು. ಕಿಟಕಿಯಂಥ ಜಾಗದಲ್ಲಿ ಎರಡು ಅಕ್ಷರ ಮೂಡಿದವು: ಸಿ, ಎಲ್. ಅಲ್ಲಿಂದ ಮುಂದೆ ಯಾವ ಗುಂಡಿ ಒತ್ತಿದರೂ ಅದೇ ಎರಡು ಅಕ್ಷರ. ನಿಲ್ಲಿಸಲು ಬರದು, ಬಾಗಿಲು ತೆರೆಯದು. ಒಳಗೆ ಜುಬ್ಬಾ ಮಾತ್ರ ನಿಧಾನವಾಗಿ ಮೊಗಚಿಕೊಳ್ಳುತ್ತಿತ್ತು. ಆಗೊಮ್ಮೆ ಈಗೊಮ್ಮೆ ಕಟಕಟ ಶಬ್ದ ಬರುತ್ತಿತ್ತು.

“ಏನೋ ಕಡಿಯಾಕತ್ತೈತಿ ಒಳಗ,” ಎಂದೆ.

“ಜುಬ್ಬಾದ ಗುಂಡಿ ಇರಬೇಕು,” ಎಂದರು ನಮ್ಮನೆಯವರು.

ಪಡಸಾಲೆಗೆ ಬಂದರೆ ಸಾಹುಕಾರರು ಲುಂಗಿಯಲ್ಲಿ ಕುಳಿತಿದ್ದರು. ನಮ್ಮನೆಯವರದು ಕಡ್ಡಿಯಂಥ ಸೊಂಟ. ಅವರ ಹಳೆಯ ಲುಂಗಿ ಒಗೆದೂ ಒಗೆದೂ ಕುಗ್ಗಿದ್ದು. ಸಾಹುಕಾರರ ಹೊಟ್ಟೆಯ ಸುತ್ತ ಅದು ಹೇಗೋ ಬಂದಿತ್ತು, ಸಿಕ್ಕಿಸಿಕೊಳ್ಳಲು ಮಾತ್ರ ತುದಿ ಉಳಿದಿರಲಿಲ್ಲ. ಒಂದು ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಟವೆಲ್ ಹಿಡಿದು ಬಾಯಿ ಮುಚ್ಚಿಕೊಂಡಿದ್ದರು. ಹೀಗೆ ಎರಡು ಕೈಗೂ ಕೆಲಸ. ಇಷ್ಟು ಹೊತ್ತು ಮನೆ ತುಂಬ ಮಾತಾಡಿದ ಮನುಷ್ಯ ಈಗ ತುಟಿ ಪಿಟಕ್ಕೆನ್ನಲೊಲ್ಲರು.

“ಊಟ ಸೇರಲಿಲ್ಲೇನ್ರಿ?” ಎಂದು ನಾನು ಹೆದರುತ್ತ ಕೇಳಿದೆ.

ನೀಲಮ್ಮನವರು ಗಂಡನ ಮುಖವನ್ನೊಮ್ಮೆ ನೋಡಿ ಬೆಚ್ಚಿದರು. ಆಮೇಲೆ ಸಾವರಿಸಿಕೊಂಡು, “ಇವ್ರು ಊಟ ಆದಮ್ಯಾಲೆ ಮಾತಾಡಂಗಿಲ್ಲ ರೀ ಅಕ್ಕಾರ. ಮೊದಲಿಂದ ಹಂಗ,” ಎಂದರು.

ಅವರಿಗೆ ಹಲ್ಲಿನ ಸುದ್ದಿ ಹೊರಬೀಳಬಾರದೆಂಬ ಚಿಂತೆ. ನಮಗೆ ಸಂಬಂಧ ಮುರಿಯಿತೆಂಬ ಚಿಂತೆ. ಮಾತು ಕೊಡಬೇಕಾದ ಬಾಯಿ ಟವೆಲ್ಲಿನ ಹಿಂದೆ ಮುಚ್ಚಿಕೊಂಡು ಕೂತಿದೆ. ಸಕ್ಕರೆಯ ಬಟ್ಟಲು ದೇವರ ಮುಂದೆ ಕಾಯುತ್ತಿದೆ. ಒಂದು ಸೌಟು ಸೀಕರಣೆಯಿಂದ ಮಗಳ ಮದುವೆ ಕೆಟ್ಟಿತೆಂದು ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಗಿರಿಜಾಗೆ ಫೋನ್ ಮಾಡಿದೆ. ಅದು ಹೊಡೆದುಕೊಂಡೇ ಹೊಡೆದುಕೊಂಡಿತು, ಎತ್ತುವವರಿಲ್ಲ.

ಆಗ ನನ್ನೊಳಗಿನ ವಿಜ್ಞಾನ ಎಚ್ಚರವಾಯಿತು. ಸಿ, ಎಲ್. ಎಷ್ಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ! ಸಿ ಎಲ್ ಅಂದರೆ ಕ್ಲೋರಿನ್! ಹಸಿರು ಹಳದಿ ಬಣ್ಣದ ವಿಷಾನಿಲ! ಮೂಗು ಅರಳಿಸಿದೆ. ನಿಜವಾಗಿಯೂ ವಾಸನೆ ಬರುತ್ತಿತ್ತು! ಆ ದಿನ ನಳದ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಯಾರೋ ಧಾರಾಳವಾಗಿ ಸುರಿದಿದ್ದರು. ಬೆಳಿಗ್ಗೆ ಚಹಾ ಕುಡಿಯುವಾಗ ನಾನೇ ಬೈದಿದ್ದೆ. ಆದರೆ ಹೆದರಿದ ಹೊತ್ತಿನಲ್ಲಿ ಅದೆಲ್ಲ ಎಲ್ಲಿ ನೆನಪಾಗುತ್ತದೆ?

“ಏನ್ರೀ, ಕಿಡಕಿ ತಗೀರಿ! ಮಷೀನ್ ಕ್ಲೋರಿನ್ ಬಿಡಾಕತ್ತೈತಿ! ಎಲ್ಲಾರೂ ಹಸಿ ಬಟ್ಟಿ ಮೂಗಿಗೆ ಹಿಡೀರಿ!” ಎಂದು ಕೂಗಿಕೊಂಡು ಬಂದೆ. ಹಸಿ ಟವೆಲ್ಲುಗಳನ್ನು ತಂದು ಎಲ್ಲರಿಗೂ ಹಂಚಿದೆ. ಮೇ ತಿಂಗಳ ಬಿಸಿಲು ತೆರೆದ ಕಿಟಕಿಗಳಿಂದ ಧಗ್ಗೆಂದು ಒಳಗೆ ಬಂತು. ಪಡಸಾಲೆಯಲ್ಲಿ ನಾಲ್ಕು ಜನ ದೊಡ್ಡವರು ಮೂಗು ಬಾಯಿ ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತೆವು. ಈಗ ಎಲ್ಲರ ಬಾಯಿಯೂ ಮುಚ್ಚಿದ್ದರಿಂದ ಸಾಹುಕಾರರ ಮುಖದಲ್ಲಿ ಮಾತ್ರ ಸ್ವಲ್ಪ ನೆಮ್ಮದಿ ಕಾಣಿಸಿತು.

ಸ್ವಲ್ಪ ಹೊತ್ತಾದರೂ ಯಾರೂ ಸಾಯಲಿಲ್ಲ. ನಮ್ಮನೆಯವರು ಟವೆಲ್ ಕೆಳಗಿಟ್ಟರು. “ಕ್ಲೋರಿನ್ ಅಲ್ಲ, ಏನೂ ಅಲ್ಲ. ಸಿ.ಎಲ್. ಅಂದ್ರ ಕ್ಯಾಶುಯಲ್ ಲೀವ್. ದಫ್ತರದಾಗ ಜೀವನ ಎಲ್ಲಾ ಬರದೀನಿ ನಾನು. ಮಷೀನ್ ದುಡದು ದಣದೈತಿ, ರಜಾ ಕೇಳಾಕತ್ತೈತಿ. ಮಗಳಿಗೆ ಸಿಗಲಾರದ್ದು ಇದಕ್ಕರ ಸಿಗಲಿ. ಪ್ಲಗ್ ತಗದು ಬಿಟ್ರ ಆತು.” ಹೋಗಿ ಪ್ಲಗ್ ತೆಗೆದರು. ಮಷೀನ್ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಮತ್ತೆ ಪ್ಲಗ್ ಹಾಕಿದರು. ರಜೆ ಮುಗಿಸಿ ಬಂದ ಗುಮಾಸ್ತನ ಹಾಗೆ ಅದು ಬಿಟ್ಟಲ್ಲಿಂದಲೇ ಕೆಲಸ ಶುರು ಮಾಡಿತು. ಅದೇ ಸಿ, ಅದೇ ಎಲ್.

ಮಕ್ತಲಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ತೆಲುಗಿನವನು. ಅವನಿಗೆ ಫೋನ್ ಮಾಡಿದೆ. ನಾನು ಅಕ್ಷರ ಹೇಳಿ ಮುಗಿಸುವ ಮೊದಲೇ ಅವನು, “ಬೋರ್ಡು ಪೋಯಿಂದಿ ಅಕ್ಕಾ,” ಎಂದ. ಒಳಗಿನ ಕಂಟ್ರೋಲ್ ಬೋರ್ಡು ಹೋಗಿದೆ, ಹೊಸದು ಹಾಕಬೇಕು ಎಂದು. ಆ ಮನುಷ್ಯನ ಬಾಯಲ್ಲಿ ಬೇರೆ ರೋಗದ ಹೆಸರು ಬಂದದ್ದೇ ಇಲ್ಲ. ಹೋದ ವರ್ಷ ನಮ್ಮ ಕೂಲರಿನಲ್ಲಿ ನೀರು ಮುಗಿದಾಗಲೂ ಅವನು ಬೋರ್ಡು ಪೋಯಿಂದಿ ಎಂದೇ ಹೇಳಿದ್ದ. “ಯಾವಾಗ ಬರ್ತೀಯಪ್ಪಾ?” ಎಂದೆ. “ರೇಪು ಅಕ್ಕಾ,” ಎಂದ. ನಾಳೆ ಎಂದರ್ಥ. ನಾಳೆಯವರೆಗೆ ಗದ್ವಾಲದ ಸಾಹುಕಾರರನ್ನು ಲುಂಗಿಯಲ್ಲಿ ಇಟ್ಟುಕೊಳ್ಳುವುದು ಹೇಗೆ?

ಮಷೀನಿನ ಜೊತೆ ಬಂದ ಪುಸ್ತಕವನ್ನು ಹುಡುಕೋಣ ಎಂದರೆ, ನಮ್ಮನೆಯವರು ಅದನ್ನು ಕಚೇರಿಯ ಶಿಸ್ತಿನಲ್ಲಿ ಭದ್ರವಾಗಿ ಇಟ್ಟಿದ್ದರು. ಅವರು ಭದ್ರವಾಗಿ ಇಟ್ಟ ವಸ್ತು ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ.

ಈ ನಡುವೆ ಸಾಹುಕಾರರು ಚಡಪಡಿಸತೊಡಗಿದ್ದರು. ನಾವು ಸಿ.ಎಲ್. ಸಿ.ಎಲ್. ಎಂದು ಹಿತ್ತಲಿಗೂ ಪಡಸಾಲೆಗೂ ಓಡಾಡುವುದನ್ನು ಕೇಳಿಸಿಕೊಂಡು, ಹೆಂಡತಿಯ ಕಿವಿಗೆ ಬಾಯಿಯಿಟ್ಟು ಏನೋ ಹೇಳಿದರು. ನೀಲಮ್ಮನವರು ಅರ್ಥವಾಗದೆ ತಲೆ ಅಲ್ಲಾಡಿಸಿದರು. ಸಾಹುಕಾರರು ಎದ್ದು ನಿಲ್ಲಲು ಹೊರಟರು, ಲುಂಗಿ ತನ್ನ ದಾರಿ ಹಿಡಿಯಲು ನೋಡಿತು, ಮತ್ತೆ ಕುಳಿತರು. ಕೊನೆಗೆ ತಡೆಯಲಾರದೆ ಟವೆಲ್ಲಿನ ಹಿಂದಿನಿಂದಲೇ ನಮ್ಮನೆಯವರಿಗೆ ಹೇಳಿದರು:

“ಹೈಲ್ ಹಾಕ್ ಹೀ.”

ನಮ್ಮನೆಯವರ ಮುಖ ಅರಳಿತು. “ನೋಡಿದೇನು! ಸಾಹುಕಾರ್ರು ಫೈಲ್ ಹಾಕ್ರಿ ಅನ್ನಾಕತ್ತಾರ. ಕಂಪನಿ ಮ್ಯಾಲೆ ಫಿರ್ಯಾದಿ ಫೈಲ್ ಮಾಡ್ರಿ ಅಂತ. ವ್ಯವಹಾರ ಗೊತ್ತಿದ್ದ ಮಂದಿ ಅಂದ್ರ ಹಿಂಗಿರ್ಬೇಕು.” ಬಿಳಿ ಹಾಳೆ ತೆಗೆದುಕೊಂಡು ‘ಮಾನ್ಯರೇ’ ಎಂದು ಬರೆಯಲು ಕುಳಿತೇಬಿಟ್ಟರು.

ಸಾಹುಕಾರರು ಜೋರಾಗಿ ತಲೆ ಅಲ್ಲಾಡಿಸಿದರು. ಈ ಸಲ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

“ಒಹ್ಹಿ ಹಿಹೀಹಿ! ಒಹ್ಹಿ ಹಿಹೀಹಿ!”

“ನಗಾಕತ್ತಾರ!” ಎಂದರು ನಮ್ಮನೆಯವರು ನನಗೆ ಪಿಸುಮಾತಿನಲ್ಲಿ. ಬೀಗರಾಗುವವರು ನಕ್ಕಾಗ ನಾವು ನಗದಿದ್ದರೆ ಏನು ಚೆನ್ನ? ಇವರು ತೊಡೆ ತಟ್ಟಿಕೊಂಡು “ಹಿಹ್ಹಿಹ್ಹಿ!” ಎಂದು ನಕ್ಕರು. ನಾನೂ ಸೆರಗು ಬಾಯಿಗೆ ಹಚ್ಚಿ ನಕ್ಕೆ. ನಾವು ನಕ್ಕಷ್ಟೂ ಸಾಹುಕಾರರ ಮುಖ ಕೆಂಪಾಗುತ್ತ ಹೋಯಿತು. ನೀಲಮ್ಮನವರ ಕಣ್ಣಲ್ಲಿ ನೀರು ಬಂತು. ನಗು ಹೆಚ್ಚಾಗಿ ಬಂದಿರಬೇಕು ಎಂದುಕೊಂಡೆ.

ಇಷ್ಟರಲ್ಲಿ ಗಿರಿಜಾ ಬಂದಳು. ಬಸ್ಸಿನ ಧೂಳು, ಹೆಗಲಲ್ಲಿ ಚೀಲ, ಬೆವರಿದ ಹಣೆ. ಹೆಣ್ಣನ್ನು ನಾರಾಯಣಪೇಟೆ ಸೀರೆ ಉಡಿಸಿ ಹಿರಿಯರ ಮುಂದೆ ತರಬೇಕೆಂದು ನಾನು ಕಟ್ಟಿಕೊಂಡಿದ್ದ ಕನಸು ಬಾಗಿಲಲ್ಲೇ ನಿಂತಿತು. ಒಳಗೆ ಕಾಲಿಟ್ಟವಳು ನೋಡಿದ್ದೇನು? ತೆರೆದ ಕಿಟಕಿಗಳು, ಹಸಿ ಟವೆಲ್ಲುಗಳು, ಅರ್ಜಿ ಬರೆಯುತ್ತ ನಗುತ್ತಿರುವ ಅಪ್ಪ, ಲುಂಗಿ ಹಿಡಿದುಕೊಂಡು ಕೆಂಪಗೆ ಕುಳಿತ ಮಾವ.

“ಏನಾತವ್ವಾ?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು ಕೊನೆಯ ಆಸೆಯಿಂದ ಅವಳ ಕಡೆ ತಿರುಗಿ, ಟವೆಲ್ಲನ್ನೂ ಸರಿಸಿ, “ಹೈಲ್ ಹಾಕ್ ಹೀ! ಒಹ್ಹಿ ಹಿಹೀಹಿ!” ಎಂದರು.

“ಚೈಲ್ಡ್ ಲಾಕ್ ಆಗೇತೇನ್ರಿ ಮಷೀನಿಗೆ? ಒತ್ತಿ ಹಿಡೀಬೇಕೇನ್ರಿ?” ಎಂದಳು ಗಿರಿಜಾ, ಎಷ್ಟು ಸಹಜವಾಗಿ ಅಂದರೆ ಅವರು ‘ಆರಾಮ ಇದ್ದೀ ಏನವ್ವಾ’ ಎಂದು ಕೇಳಿದ್ದರೋ ಎಂಬ ಹಾಗೆ.

ಸಾಹುಕಾರರು ಕುರ್ಚಿಯಲ್ಲೇ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿ ದೊಡ್ಡದೊಂದು ಉಸಿರು ಬಿಟ್ಟರು.

“ನಿನಗ ಹೆಂಗ ತಿಳೀತು?” ಎಂದೆ ನಾನು ಬೆರಗಾಗಿ.

“ಪಿಂಚಣಿ ತಗೊಳ್ಳಾಕ ಬರೂ ಅಜ್ಜಾರು ಎಲ್ಲಾ ಹಿಂಗ ಮಾತಾಡ್ತಾರವ್ವಾ. ಹಲ್ಲಿದ್ದವರ ಮಾತ ನನಗ ತಿಳಿಯಂಗಿಲ್ಲ ಈಗ,” ಎಂದಳು. ಎಂದಮೇಲೆ ತಾನು ಹಲ್ಲಿನ ಸುದ್ದಿ ಎತ್ತಿದ್ದು ಹೊಳೆದು ನಾಲಿಗೆ ಕಚ್ಚಿಕೊಂಡಳು. ನಾನು ಸಾಹುಕಾರರ ಬಾಯಿ ನೋಡಿದೆ. ಹಿತ್ತಲಿನಿಂದ ಕಟಕಟ ಶಬ್ದ ಕೇಳಿಸಿತು. ನಮ್ಮನೆಯವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಹಂಗಾದ್ರ ಅದು ಜುಬ್ಬಾದ ಗುಂಡಿ ಅಲ್ಲ,” ಎಂದರು ಮೆಲ್ಲಗೆ.

ನೀಲಮ್ಮನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದುಕೊಂಡು ಹತ್ತಿರ ಹೋದರೆ ಭುಜ ಕುಣಿಸಿಕೊಂಡು ನಗುತ್ತಿದ್ದರು. “ಹಲ್ಲಿನ ಮಾತ ಹೋಗ್ಲಿ ಅಕ್ಕಾರ, ಮಷೀನಿನ ಗುಟ್ಟು ಇವ್ರಿಗೆ ಹೆಂಗ ಗೊತ್ತು ಅಂತ ಕೇಳಬ್ಯಾಡ್ರಿ,” ಎಂದರು. ಕೇಳಬೇಡಿ ಎಂದ ಮೇಲೆ ಕೇಳದಿರುವುದು ಹೇಗೆ? ಕೇಳಿದೆ. ಅವರ ಮನೆಯಲ್ಲೂ ಇಂಥದೇ ಮಷೀನ್ ಇದೆಯಂತೆ. ನೀಲಮ್ಮನವರು ಅದರ ಹತ್ತಿರವೂ ಸುಳಿಯುವುದಿಲ್ಲವಂತೆ, ಕರೆಂಟ್ ಎಂದರೆ ನನ್ನ ಹಾಗೇ ಹೆದರಿಕೆ. ಅಂಗಡಿ ಮುಚ್ಚಿ ಬಂದ ಮೇಲೆ ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆದು ಒಣಹಾಕುವವರು ಸಾಹುಕಾರರೇ ಅಂತೆ! “ಬೀಗರ ಮುಂದ ಹೇಳಬ್ಯಾಡ್ರಿ, ಮರ್ಯಾದಿ ಹೋಗ್ತೈತಿ ಅಂತ ದಾರಿಯುದ್ದಕ್ಕೂ ಹೇಳಿಕೋತ ಬಂದಿದ್ದೆ,” ಎಂದರು.

ನನಗಂತೂ ಅವರ ಮೇಲಿದ್ದ ಹೆದರಿಕೆಯೆಲ್ಲ ಒಮ್ಮೆಲೇ ಇಳಿದುಹೋಯಿತು. ನಮ್ಮನೆಯವರ ಕಡೆ ಒಂದು ನೋಟ ಬೀರಿದೆ. ಅವರು ತಟ್ಟನೆ ಎದ್ದು ಕಿಟಕಿ ಮುಚ್ಚುವ ಕೆಲಸಕ್ಕೆ ಹೋದರು.

ಗಿರಿಜಾ ಚೀಲ ಇಳಿಸಿ ಮಷೀನಿನ ಹತ್ತಿರ ಹೋದಳು. ನಾವೆಲ್ಲ ಹಿಂದೆಯೇ ಹೋದೆವು. ಸಾಹುಕಾರರೂ ಬಂದರು, ಈಗ ಬಾಯಿ ಮುಚ್ಚುವ ಕೆಲಸವಿರಲಿಲ್ಲವಾದ್ದರಿಂದ ಎರಡು ಕೈಯಿಂದಲೂ ಲುಂಗಿ ಹಿಡಿದುಕೊಂಡು. ಅವರು ಗದ್ದದಿಂದ ಒಂದು ಗುಂಡಿ ತೋರಿಸಿದರು. ಅವಳು ಅದನ್ನು ಒತ್ತಿ ಹಿಡಿದಳು. ‘ಟಿಣ್!’ ಮಕ್ಕಳು ಮುಟ್ಟದಿರಲೆಂದು ಗುಂಡಿಗಳಿಗೆ ಹಾಕುವ ಬೀಗ ಬಿಚ್ಚಿತು, ಸಿ ಮತ್ತು ಎಲ್ ಎರಡೂ ಮಾಯವಾದವು.

“ನೀಹ್ ಬಹಿಹು ನಿಹ್ಹಿಹಿ,” ಎಂದರು ಸಾಹುಕಾರರು.

“ನೀರ ಬಸಿದು ನಿಲ್ಲಿಸಬೇಕಂತ,” ಎಂದು ನಮಗೆ ಹೇಳಿ ಗಿರಿಜಾ ಇನ್ನೊಂದು ಗುಂಡಿ ಒತ್ತಿದಳು. ನೀರು ಗಳಗಳನೆ ಹರಿದುಹೋಗತೊಡಗಿತು.

ನಾವು ನಿಂತು ಕಾಯುತ್ತಿದ್ದೆವು. ಸಾಹುಕಾರರು ಮಷೀನನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಧೂಳು ಮೆತ್ತಿದ ಸೀರೆಯಲ್ಲಿ ಗಾಜಿನ ಬಾಗಿಲೊಳಗೆ ಬಗ್ಗಿ ನೋಡುತ್ತಿದ್ದ ಗಿರಿಜಾಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ, ಒಂದು ಉದ್ದನೆಯ ಮಾತು ಹೇಳಿದರು:

“ನಮ್ಮನಿಗೆ ಇಂಹಾ ಹೊಹಿನ ಬೇಹಾಗಿಹ್ಹು.”

ನಮ್ಮನೆಯವರು ಗಿರಿಜಾ ಕಡೆ ತಿರುಗಿದರು. ನಾನೂ ತಿರುಗಿದೆ. “ಏನಂತವ್ವಾ?” ಎಂದೆ.

ಅಲ್ಲಿಯವರೆಗೆ ಪಟಪಟನೆ ಅರ್ಥ ಹೇಳುತ್ತಿದ್ದವಳು ಈಗ ಕಿವಿಯವರೆಗೆ ಕೆಂಪಾಗಿ, “ಸೀರಿ ಉಟ್ಟು ಬರ್ತೀನಿ,” ಎಂದು ಉಟ್ಟ ಸೀರೆಯಲ್ಲೇ ಒಳಗೆ ಓಡಿಹೋದಳು.

ಮಷೀನಿನ ಬಾಗಿಲು ‘ಟಕ್’ ಎಂದು ತೆರೆಯಿತು. ನೀಲಮ್ಮನವರು ಒದ್ದೆ ಜುಬ್ಬಾದ ಕಿಸೆಯಿಂದ ಕರವಸ್ತ್ರದ ಗಂಟು ತೆಗೆದುಕೊಟ್ಟರು. ಸಾಹುಕಾರರು ಗೋಡೆಯ ಕಡೆ ತಿರುಗಿ ನಿಂತು, ಮತ್ತೆ ನಮ್ಮ ಕಡೆ ತಿರುಗಿದಾಗ ಹಲ್ಲುಗಳು ಬೆಳಿಗ್ಗೆಗಿಂತ ಹೆಚ್ಚು ಹೊಳೆಯುತ್ತಿದ್ದವು. ಬಾಯಿಯಿಂದ ಸೋಪಿನ ಘಮ ಬರುತ್ತಿತ್ತು.

ನಮ್ಮನೆಯವರು ಕೈಜೋಡಿಸಿ ನಿಂತರು. “ಸಾಹುಕಾರ್ರ, ಈಗರ ಬಾಯಿ ಬಿಟ್ಟು ನಿಮ್ಮ ಮಾತ ಹೇಳಿಬಿಡ್ರಿ. ನಮ್ಮ ಜೀವಕ್ಕ ಸಮಾಧಾನ ಇಲ್ಲ.”

“ಮತ್ತ ಮತ್ತ ಏನ್ ಹೇಳಬೇಕ್ರಿ?” ಎಂದರು ಮಲ್ಲಣ್ಣ ಸಾಹುಕಾರರು, ಪ್ರತಿ ಅಕ್ಷರವೂ ಸ್ಪಷ್ಟ. “ನಾ ಆಗಲೇ ಹೇಳಿ ಮುಗಿಸೀನಿ. ತಿಳಿಯಬೇಕಾದಾಕಿಗೆ ತಿಳದೈತಿ. ನೀವು ಸಕ್ಕರಿ ತರ್ರಿ.”